ಕಾಲಂ ತೊಳೆಯುವವರ ಕೈಪಿಡಿ

ನಮ್ಮ ಉತ್ಪನ್ನವನ್ನು ಆರಿಸಿಕೊಂಡದ್ದಕ್ಕೆ ಅಭಿನಂದನೆಗಳು ಎಂದು ಶುರುಮಾಡುವುದು ಕೈಪಿಡಿಗಳ ವಾಡಿಕೆ. ನೀವು ಇದನ್ನು ಆರಿಸಿಕೊಂಡಿಲ್ಲ, ಇದು ನಿಮ್ಮ ಮೇಲೆ ಬಿದ್ದಿದೆ ಎಂಬುದು ನಮಗೆ ಗೊತ್ತು. ತಾಲ್ಲೂಕಿನ ರೈತರ ಪಟ್ಟಿಯೊಂದು ಸಿಎಸ್‌ವಿ ಫೈಲಿನ ರೂಪದಲ್ಲಿ ಸಂಜೆ ಐದೂವರೆಗೆ ನಿಮಗೆ ಮೇಲ್ ಆಗಿದೆ. ಜೊತೆಗೆ ಒಂದೇ ಸಾಲು: ‘ಸ್ವಲ್ಪ ಕ್ಲೀನ್ ಮಾಡಿ ಕೊಡಿ, ಬೆಳಿಗ್ಗೆ ಮೀಟಿಂಗ್ ಇದೆ.’ ಆ ಸಾಲು ಬರೆದವರು ಫೈಲನ್ನು ತೆರೆದು ನೋಡಿಲ್ಲ ಎಂಬುದನ್ನು ಗಮನಿಸಿ, ಟೀ ತರಿಸಿಕೊಂಡು ಮುಂದಕ್ಕೆ ಓದಿ.

ಪೆಟ್ಟಿಗೆಯಲ್ಲಿ ಏನೇನಿದೆ

ಉಪಕರಣದ ಹೆಸರು ಓಪನ್‌ರಿಫೈನ್. 2010ರಲ್ಲಿ ಮೆಟಾವೆಬ್ ಎಂಬ ಕಂಪನಿಯಲ್ಲಿ ಡೇವಿಡ್ ಹ್ಯೂನ್ ಮೊದಲಾದವರು ಇದನ್ನು ಕಟ್ಟಿದಾಗ ಫ್ರೀಬೇಸ್ ಗ್ರಿಡ್‌ವರ್ಕ್ಸ್ ಎಂದು ಕರೆದಿದ್ದರು. ಅದೇ ವರ್ಷ ಗೂಗಲ್ ಆ ಕಂಪನಿಯನ್ನು ಕೊಂಡಿತು, ಹೆಸರು ಗೂಗಲ್ ರಿಫೈನ್ ಆಯಿತು. 2012ರಲ್ಲಿ ಗೂಗಲ್ ಕೈಬಿಟ್ಟಿತು. ಬಳಸುತ್ತಿದ್ದವರೇ ಎತ್ತಿಕೊಂಡು ಸಾಕಿದರು, ಈಗಿನ ಹೆಸರು ಬಂತು. ಒಬ್ಬರಿಗೇ ಮೂರು ಹೆಸರಿರುವ ತೊಂದರೆಯನ್ನು ಬಗೆಹರಿಸಲು ಮೂರು ಹೆಸರಿನ ಉಪಕರಣವೇ ಸಿಕ್ಕಿದ್ದು ನಮ್ಮ ಅದೃಷ್ಟ. ದುಡ್ಡು ಕೊಡಬೇಕಿಲ್ಲ. ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ, ಆದರೆ ಓಡುವುದು ನಿಮ್ಮ ಕಂಪ್ಯೂಟರಿನೊಳಗೇ, 127.0.0.1 ಎಂಬ ಮನೆ ವಿಳಾಸದ 3333ನೇ ಬಾಗಿಲಲ್ಲಿ. ರೈತರ ಫೋನ್ ನಂಬರು, ಬ್ಯಾಂಕ್ ಖಾತೆ ಯಾರದೋ ಸರ್ವರ್‌ಗೆ ಹೋಗುವುದಿಲ್ಲ. ಇಂಥ ಪಟ್ಟಿಗಳನ್ನು ಸಿಕ್ಕಸಿಕ್ಕ ಉಚಿತ ವೆಬ್‌ಸೈಟಿಗೆ ಏರಿಸಿ ‘ಕ್ಲೀನ್’ ಮಾಡಿಸಿಕೊಳ್ಳುವವರನ್ನು ಕಂಡಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಪೆಟ್ಟಿಗೆಯಲ್ಲಿ ಇಲ್ಲದ್ದು: ಊರಿನ ಪರಿಚಯ. ಅದನ್ನು ನೀವೇ ತರಬೇಕು.

ಎಚ್ಚರಿಕೆ: ಮೊದಲು ಎಕ್ಸೆಲ್‌ನಲ್ಲಿ ‘ಸುಮ್ಮನೆ ಒಂದು ಸಲ’ ತೆರೆದು ನೋಡಬೇಡಿ

ಸಿಎಸ್‌ವಿ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು, ಸೇವ್ ಒತ್ತಿ ಮುಚ್ಚಿದರೆ ಅನಾಹುತ ಮುಗಿದೇಹೋಯಿತು. ಸರ್ವೆ ನಂಬರ್ 12/3 ಅಂದರೆ ಹನ್ನೆರಡನೇ ಸರ್ವೆಯ ಮೂರನೇ ಹಿಸ್ಸಾ ಎಂದು ನಿಮಗೂ ಗೊತ್ತು, ಗ್ರಾಮ ಆಡಳಿತ ಅಧಿಕಾರಿಗೂ ಗೊತ್ತು. ಎಕ್ಸೆಲ್‌ಗೆ ಅದು ಮಾರ್ಚ್ 12. ಮುಂದೆ ಯಾರಾದರೂ ಆ ಕಾಲಮ್ಮನ್ನು ಸಂಖ್ಯೆಯ ರೂಪಕ್ಕೆ ತಿರುಗಿಸಿದರೆ 2024ರ ಮಾರ್ಚ್ 12 ಹೋಗಿ 45363 ಆಗುತ್ತದೆ. 1900ರಿಂದ ದಿನ ಎಣಿಸುವ ಎಕ್ಸೆಲ್ ಲೆಕ್ಕದಲ್ಲಿ ಆ ದಿನದ ಕ್ರಮಸಂಖ್ಯೆ ಅದು. ನಲವತ್ತೈದು ಸಾವಿರ ಚಿಲ್ಲರೆ ಸರ್ವೆ ನಂಬರುಗಳಿರುವ ಊರು ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಅದು ಪವರ್‌ಪಾಯಿಂಟಿನೊಳಗೆ ಹೋಗಿರುತ್ತದೆ. 145/2 ಮಾತ್ರ ಪಾರಾಗುತ್ತದೆ. ಯಾವ ತಿಂಗಳಲ್ಲೂ 145ನೇ ತಾರೀಖು ಇಲ್ಲವಲ್ಲ! ಹೀಗಾಗಿ ಪಟ್ಟಿ ಪೂರ್ತಿ ಕೆಟ್ಟಿರುವುದಿಲ್ಲ, ಅಲ್ಲಲ್ಲಿ ಕೆಟ್ಟಿರುತ್ತದೆ. ಇದು ಹೆಚ್ಚು ಅಪಾಯ.

ಇದು ನಮ್ಮ ತಾಲ್ಲೂಕಿನ ಗೋಳು ಮಾತ್ರ ಎಂದುಕೊಳ್ಳಬೇಡಿ. ಮನುಷ್ಯನ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ‘ಮಾರ್ಚ್1’, ‘ಸೆಪ್ಟ್1’ ಮೊದಲಾದ ಜೀನ್‌ಗಳ ಸಂಕೇತಗಳನ್ನೇ ಬದಲಿಸಿ ‘ಮಾರ್ಚ್‌ಎಫ್1’, ‘ಸೆಪ್ಟಿನ್1’ ಮಾಡಿತು. ಎಕ್ಸೆಲ್ ಅವನ್ನು ದಿನಾಂಕ ಮಾಡುತ್ತಿದ್ದುದೇ ಕಾರಣ. ವಿಜ್ಞಾನಿಗಳು ಸೋತು ಜೀನಿನ ಹೆಸರು ಬದಲಿಸಿಕೊಂಡರು. ರೈತರು ಸರ್ವೆ ನಂಬರ್ ಬದಲಿಸಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಫೈಲನ್ನು ನೇರವಾಗಿ ಓಪನ್‌ರಿಫೈನ್‌ಗೇ ಕೊಡಿ. ಪ್ರಾಜೆಕ್ಟ್ ಸೃಷ್ಟಿಸುವ ಪರದೆಯಲ್ಲಿ, ಸೆಲ್‌ನ ಪಠ್ಯವನ್ನು ಸಂಖ್ಯೆಯಾಗಿ ಓದಲು ಯತ್ನಿಸಲೇ ಎಂದು ಕೇಳುವ ಚೌಕದಲ್ಲಿ ಟಿಕ್ ಇದ್ದರೆ ತೆಗೆಯಿರಿ. ಎಲ್ಲವೂ ಪಠ್ಯವಾಗಿಯೇ ಒಳಗೆ ಬರಲಿ. ಯಾವುದು ಸಂಖ್ಯೆ, ಯಾವುದು ದಿನಾಂಕ ಎಂದು ಆಮೇಲೆ ನೀವು ಹೇಳಿದರಾಯಿತು.

ನಿಮ್ಮ ಕೈಗೆ ಬರುವ ಮುಂಚೆಯೇ ಕೆಟ್ಟಿದ್ದರೆ? ಪಟ್ಟಿ ಎಕ್ಸೆಲ್ ಫೈಲಾಗಿ ಬಂದಿದ್ದರೆ, ದಿನಾಂಕವಾದ ಸೆಲ್‌ಗಳು ಹಸಿರು ಬಣ್ಣದಲ್ಲಿ ಕಾಣುತ್ತವೆ. ಅವುಗಳಿಂದ 12, 3 ಎಂಬ ಅಂಕಿಗಳನ್ನು ಹಿಂದಕ್ಕೆ ಪಡೆಯಬಹುದು, ಆದರೆ ಮೂಲದಲ್ಲಿದ್ದದ್ದು 12/3ಓ 3/12ಓ ಎಂದು ಯಂತ್ರ ಹೇಳಲಾರದು. ಪಹಣಿ ನೋಡಿ.

ಹಂತ 1: ಫ್ಯಾಸೆಟ್ ಹಾಕಿ, ಸುಮ್ಮನೆ ನೋಡಿ

ಹೆಸರಿನ ಕಾಲಮ್ಮಿನ ನೆತ್ತಿಯ ಮೇಲಿರುವ ಬಾಣ ಒತ್ತಿ ‘ಟೆಕ್ಸ್ಟ್ ಫ್ಯಾಸೆಟ್’ ಆರಿಸಿ. ಎಡಗಡೆ ಆ ಕಾಲಮ್ಮಿನಲ್ಲಿರುವ ಬೇರೆಬೇರೆ ಬರಹಗಳು, ಪ್ರತಿಯೊಂದೂ ಎಷ್ಟು ಸಲ ಬಂದಿದೆ ಎಂಬ ಎಣಿಕೆಯ ಜೊತೆ ಸಾಲಾಗಿ ನಿಲ್ಲುತ್ತವೆ. ಎರಡು ಸಾವಿರಕ್ಕಿಂತ ಹೆಚ್ಚು ಬಗೆಗಳಿದ್ದರೆ ಅದು ಮೊದಲಿಗೆ ತೋರಿಸಲು ಒಪ್ಪುವುದಿಲ್ಲ. ಮಿತಿ ಏರಿಸಿ ಎಂದು ಹೇಳಿ. ಏನನ್ನೂ ತಿದ್ದಬೇಡಿ. ಎಣಿಕೆಯ ಪ್ರಕಾರ ಜೋಡಿಸಿ, ಮೇಲಿನಿಂದ ಕೆಳಕ್ಕೆ ಓದಿ.

ತಾಲ್ಲೂಕಿನ ಅತಿ ದೊಡ್ಡ ಜಮೀನುದಾರ ಯಾರು ಎಂಬುದು ಈ ಹಂತದಲ್ಲಿ ತಿಳಿಯುತ್ತದೆ. ಅವರ ಹೆಸರು ‘ಸದರಿ’. ಪ್ರತಿ ಹೋಬಳಿಯಲ್ಲೂ ಅವರಿಗೆ ಭೂಮಿ ಇದೆ. ತೋಟ, ತರಿ, ಖುಷ್ಕಿ ಯಾವುದನ್ನೂ ಬಿಟ್ಟಿಲ್ಲ. ಎರಡನೇ ಸ್ಥಾನದಲ್ಲಿ ಅವರ ದಾಯಾದಿ ‘ಮೇಲಿನಂತೆ’, ಮೂರನೆಯದಾಗಿ ಎರಡು ಪುಟ್ಟ ಗೀಟುಗಳು. ಭೂಸುಧಾರಣೆ ಕಾಯ್ದೆ ಇವರನ್ನು ಮುಟ್ಟಿಲ್ಲ.

ಕಾಗದದ ರಿಜಿಸ್ಟರಿನಲ್ಲಿ ‘ಸದರಿ’ ಪ್ರಾಮಾಣಿಕ ಮನುಷ್ಯ: ಮೇಲಿನ ಸಾಲಿನಲ್ಲಿ ಯಾರಿದ್ದಾರೋ ಅವರೇ ಎಂದು ಹೇಳಿ ಸುಮ್ಮನಿರುತ್ತಾನೆ. ಫೈಲಿಗೆ ಬಂದಮೇಲೂ ಸಾಲುಗಳು ಅದೇ ಕ್ರಮದಲ್ಲಿದ್ದರೆ ಅವನನ್ನು ನಂಬಬಹುದು. ಆಗ ‘ಸದರಿ’ಯನ್ನೂ ಅವನ ಬಳಗವನ್ನೂ ಖಾಲಿ ಸೆಲ್ ಮಾಡಿ, ‘ಎಡಿಟ್ ಸೆಲ್ಸ್’ ಮೆನುವಿನಲ್ಲಿ ‘ಫಿಲ್ ಡೌನ್’ ಒತ್ತಿ. ಪ್ರತಿ ಖಾಲಿ ಸೆಲ್ಲಿಗೂ ಅದರ ಮೇಲಿನ ಹೆಸರು ಇಳಿಯುತ್ತದೆ. ಖಾಲಿ ಮಾಡದೆ ಒತ್ತಿದರೆ ಏನೂ ಆಗುವುದಿಲ್ಲ, ಏಕೆಂದರೆ ಉಪಕರಣದ ಕಣ್ಣಿಗೆ ‘ಸದರಿ’ ಒಬ್ಬ ಸಂಭಾವಿತ ವ್ಯಕ್ತಿ.

ಆದರೆ ಫೈಲು ಕಳಿಸುವ ಮುನ್ನ ಯಾರೋ ‘ನೀಟಾಗಿ ಕಾಣಲಿ’ ಎಂದು ಅದನ್ನು ಅಕಾರಾದಿಯಾಗಿ ಜೋಡಿಸಿದ್ದರೆ, ಸದರಿಗಳೆಲ್ಲ ಒಂದೇ ಕಡೆ ಗುಂಪುಗೂಡಿ ಯಾರ ಕೆಳಗೂ ಇಲ್ಲದವರಾಗಿರುತ್ತಾರೆ. ಈಗ ಫಿಲ್ ಡೌನ್ ಒತ್ತಿದರೆ ಅಷ್ಟೂ ಭೂಮಿ, ಅವರ ಮೇಲಿನ ಸಾಲಿಗೆ ಬಂದು ನಿಂತ ಯಾವನೋ ಅದೃಷ್ಟವಂತನಿಗೆ ಕ್ರಯಪತ್ರವಿಲ್ಲದೆ ವರ್ಗವಾಗುತ್ತದೆ. ಈ ದೋಷಕ್ಕೆ ಯಾವ ಮೆನುವಿನಲ್ಲೂ ಪರಿಹಾರವಿಲ್ಲ. ಜೋಡಿಸುವ ಮುಂಚಿನ ಫೈಲು ಕೊಡಿ ಎಂದು ಫೋನ್ ಮಾಡಿ. ಓಪನ್‌ರಿಫೈನ್‌ನಲ್ಲಿ ನೀವೇ ‘ಸಾರ್ಟ್’ ಮಾಡಿದರೆ ಭಯವಿಲ್ಲ. ಸಾಲುಗಳನ್ನು ಕಾಯಂ ಆಗಿ ಮರುಜೋಡಿಸು ಎಂದು ಬೇರೆಯಾಗಿ ಹೇಳುವ ತನಕ ಅದು ತೋರಿಕೆಗಷ್ಟೇ.

ಹಂತ 2: ಕಾಣದ್ದನ್ನು ತೆಗೆಯುವುದು

ಹೆಸರಿನ ಹಿಂದೆ ಮುಂದೆ ಅಂಟಿದ ಖಾಲಿ ಜಾಗಕ್ಕೆ ‘ಕಾಮನ್ ಟ್ರಾನ್ಸ್‌ಫಾರ್ಮ್ಸ್’ನಲ್ಲಿ ಮೊದಲ ಗುಂಡಿ. ನಡುವಿನ ಎರಡು-ಮೂರು ಸ್ಪೇಸ್‌ಗಳನ್ನು ಒಂದು ಮಾಡಲು ಎರಡನೆಯದು. ಕೋಡ್ ಬರೆದೇ ತೀರುತ್ತೇನೆ ಎನ್ನುವವರು ‘ವ್ಯಾಲ್ಯೂ, ಚುಕ್ಕಿ, ಟ್ರಿಮ್, ತೆರೆದು ಮುಚ್ಚಿದ ಆವರಣ’ ಎಂದು ಬರೆದುಕೊಳ್ಳಿ. ಅದೇ ಮೆನುವಿನಲ್ಲಿ ‘ಟೈಟಲ್‌ಕೇಸ್’ ಎಂಬುದೂ ಇದೆ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲದ ಲಿಪಿಯವರು ಅದನ್ನು ದಾಟಿ ಹೋಗಬಹುದು.

ಇಷ್ಟಾದರೂ ಫ್ಯಾಸೆಟ್‌ನಲ್ಲಿ ಗಂಗಮ್ಮ ಒಂದಕ್ಕಿಂತ ಹೆಚ್ಚು ಸಾಲಿನಲ್ಲಿ ಬರುತ್ತಾರೆ: ಗಂಗಮ್ಮ, ಗ೦ಗಮ್ಮ, ಗ0ಗಮ್ಮ. ಕನ್ನಡಕ ಒರೆಸಿಕೊಂಡು ನೋಡಿದರೂ ಪ್ರಯೋಜನವಿಲ್ಲ. ‘ವ್ಯಾಲ್ಯೂ ಚುಕ್ಕಿ ಯುನಿಕೋಡ್’ ಎಂದು ಕೇಳಿದರೆ ಉಪಕರಣ ಅಕ್ಷರಗಳ ಕ್ರಮಾಂಕವನ್ನೇ ಉದುರಿಸುತ್ತದೆ. ಮೊದಲ ಗಂಗಮ್ಮನ ಎರಡನೇ ಜಾಗದಲ್ಲಿ 3202, ಅದು ಅನುಸ್ವಾರ. ಎರಡನೆಯವರಲ್ಲಿ 3302, ಕನ್ನಡ ಅಂಕಿಯ ಸೊನ್ನೆ. ಮೂರನೆಯವರಲ್ಲಿ 48, ಕೀಬೋರ್ಡಿನ ಮೇಲಿನ ಸಾಲಿನ ಸೊನ್ನೆ. ಕೆಲವು ಕಡೆ 111 ಕೂಡ ಸಿಗುತ್ತದೆ, ಇಂಗ್ಲಿಷಿನ ‘ಓ’. ಟೈಪ್ ಮಾಡಿದ ಹುಡುಗನನ್ನು ಬಯ್ಯಬೇಡಿ. ದಿನಕ್ಕೆ ಇಷ್ಟು ಸಾಲು ಎಂದು ಗುರಿ ಕೊಟ್ಟು ಕೂರಿಸಿದಾಗ, ದುಂಡಗಿದ್ದದ್ದು ಯಾವುದು ಮೊದಲು ಬೆರಳಿಗೆ ಸಿಕ್ಕಿತೋ ಅದನ್ನು ಒತ್ತಿದ್ದಾನೆ. ಪ್ರಿಂಟಿನಲ್ಲಿ ಗಂಗಮ್ಮ ಗಂಗಮ್ಮನಾಗಿಯೇ ಬಂದಿದ್ದಾರೆ.

ಹಾಗಾದರೆ 3302 ಕಂಡಲ್ಲೆಲ್ಲ 3202 ಹಾಕಿಬಿಡೋಣ ಎಂಬ ಉತ್ಸಾಹ ಬೇಡ. ವಿಳಾಸದ ಕಾಲಮ್ಮಿನಲ್ಲಿ ಕನ್ನಡ ಅಂಕಿಗಳಲ್ಲಿ ಬರೆದ ಇಸವಿಯೊಂದು ಇದ್ದರೆ ‘೨೦೧೦’ ಹೋಗಿ ‘೨ಂ೧ಂ’ ಆಗುತ್ತದೆ. ಸೊನ್ನೆಯ ಹಿಂದೆ ಅಕ್ಷರವೋ ಗುಣಿತದ ಚಿಹ್ನೆಯೋ ಇದ್ದರೆ ಮಾತ್ರ ಬದಲಿಸು, ಅಂಕಿಯಿದ್ದರೆ ಬಿಡು ಎಂಬ ಷರತ್ತು ಹಾಕಿ.

ಜಾಯಿನರ್, ನಾನ್-ಜಾಯಿನರ್ ಎಂಬ ಅಗೋಚರ ಜೀವಿಗಳ ಕಥೆ ಇನ್ನೂ ಸೂಕ್ಷ್ಮ. ‘ರಮೇಶ್’ ಎಂದು ಟೈಪ್ ಮಾಡಿದಾಗ ಕೊನೆಯಲ್ಲಿ 8204 ಎಂಬ ಅಕ್ಷರವೊಂದು ಕೂತುಬಿಡುವುದುಂಟು. ಅದಕ್ಕೆ ಅಗಲ ಇಲ್ಲ, ಆಕಾರ ಇಲ್ಲ. ಅದು ಸ್ಪೇಸ್ ಅಲ್ಲವಾದ್ದರಿಂದ ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಹೀಗೆ ಒಬ್ಬನೇ ರಮೇಶ್ ಇಬ್ಬರಾಗುತ್ತಾನೆ. ಸಿಟ್ಟು ಬಂದು ಇಡೀ ಕಾಲಮ್ಮಿನಿಂದ 8204ನ್ನು ಗುಡಿಸಿ ಹಾಕಿದರೆ ‘ರಾಜ್‌ಕುಮಾರ್’ ಇದ್ದವರು ‘ರಾಜ್ಕುಮಾರ್’ ಆಗುತ್ತಾರೆ, ಆಗ ಅಭಿಮಾನಿಗಳಿಗೆ ನೀವು ಉತ್ತರ ಕೊಡಬೇಕು. ಪದದ ಕೊನೆಯಲ್ಲಿದ್ದರೆ ತೆಗೆಯಿರಿ, ನಡುವೆ ಇದ್ದರೆ ಬಿಡಿ. ಇನ್ನು ‘ಗೋಪಾಲ’ದ ಓತ್ವ. ಅದನ್ನು 3275 ಎಂಬ ಒಂದೇ ಅಕ್ಷರವಾಗಿ ಬರೆಯಬಹುದು. 3270, 3266, 3285 ಎಂದು ಮೂರು ತುಂಡಾಗಿಯೂ ಬರೆಯಬಹುದು. ಎರಡೂ ಒಂದೇ ಎಂದು ಯುನಿಕೋಡ್ ನಿಯಮ ಹೇಳುತ್ತದೆ, ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಾಲಂ ಮಾತ್ರ ಅಳಿಯ ಅಲ್ಲ, ಮಗಳ ಗಂಡ ಎನ್ನುತ್ತದೆ. ಮೂರು ತುಂಡನ್ನು ಒಂದು ಮಾಡಿ ಮುಂದುವರಿಯಿರಿ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಸಾಲುಗಳು ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೋಪಿ ತೊಡಿಸಿದಂತೆ ಕಂಡರೆ ಅವನ್ನು ಇಲ್ಲಿ ತೊಳೆಯಲು ಹೋಗಬೇಡಿ. ಯುನಿಕೋಡ್ ಪರಿವರ್ತಕದಲ್ಲಿ ಹಾಯಿಸಿ, ಅರ್ಕಾವತ್ತುಗಳು ಸರಿಯಾಗಿ ಕೂತಿವೆಯೇ ನೋಡಿಕೊಂಡು ಮರಳಿ ಬನ್ನಿ.

ಹಂತ 3: ಗುಂಪು ಕಟ್ಟುವುದು

‘ಕ್ಲಸ್ಟರ್’ ಗುಂಡಿ ಈ ಉಪಕರಣದ ಹೆಮ್ಮೆ. ಒತ್ತಿದೊಡನೆ ಒಂದೇ ವ್ಯಕ್ತಿಯಿರಬಹುದು ಎಂದು ತೋರುವ ಹೆಸರುಗಳನ್ನು ಗುಂಪುಗುಂಪಾಗಿ ಮುಂದಿಡುತ್ತದೆ. ಮೊದಲ ವಿಧಾನ ‘ಫಿಂಗರ್‌ಪ್ರಿಂಟ್’: ಚುಕ್ಕಿ, ಕಾಮಾ ಕಿತ್ತುಹಾಕಿ, ಪದಗಳನ್ನು ಬಿಡಿಸಿ, ಅಕಾರಾದಿಯಾಗಿ ಜೋಡಿಸಿ, ಎರಡು ಸಲ ಬಂದದ್ದನ್ನು ಒಂದು ಮಾಡಿ ಹೋಲಿಸುತ್ತದೆ. ‘ಕೆ. ಎಸ್. ರಮೇಶ್’ ಮತ್ತು ‘ರಮೇಶ್ ಕೆ ಎಸ್’ ಹೀಗೆ ಒಂದಾಗುತ್ತಾರೆ. ಭೇಷ್ ಎನ್ನುವಷ್ಟರಲ್ಲಿ ‘ರಮೇಶ್ ಕೆ.ಎಸ್.’ ಹೊರಗೇ ಉಳಿದಿರುತ್ತಾರೆ. ಅವರು ಚುಕ್ಕಿಯ ನಂತರ ಸ್ಪೇಸ್ ಬಿಟ್ಟಿಲ್ಲ. ಚುಕ್ಕಿ ಕಿತ್ತಾಗ ‘ಕೆಎಸ್’ ಎಂಬ ಹೊಸ ಪದ ಹುಟ್ಟಿತು. ‘ಕೆ.ಎಸ್.ರಮೇಶ್’ ಅಂತೂ ಪೂರ್ತಿ ಒಂದೇ ಉಂಡೆ. ಪರಿಹಾರ ಸುಲಭ: ಕ್ಲಸ್ಟರ್ ಒತ್ತುವ ಮುನ್ನ ಎಲ್ಲ ಚುಕ್ಕಿಗಳನ್ನೂ ಸ್ಪೇಸ್ ಮಾಡಿಬಿಡಿ. ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಒಂದೊಂದು ಅಕ್ಷರಕ್ಕಿಳಿಸಿ ಹಿಂದೆಯೋ ಮುಂದೆಯೋ ಇಟ್ಟುಕೊಳ್ಳುವ ಜನರಿಗೆ ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಎಂಬ ಎರಡು ಖಾನೆಯ ಫಾರಂ ಕೊಟ್ಟವರಿಗೆ ಏನು ಹೇಳುವುದು ಎಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಎಚ್. ಮತ್ತು ಹೆಚ್. ವಿವಾದವೂ ಇದೇ ಹಂತದ್ದು. ಎರಡರಲ್ಲಿ ಯಾವುದು ಸರಿ ಎಂದು ಕನ್ನಡ ಮೇಷ್ಟ್ರುಗಳನ್ನು ಕೇಳಬೇಡಿ, ಮೀಟಿಂಗ್ ಬೆಳಿಗ್ಗೆಯೇ ಇದೆ. ಹೋಲಿಕೆಗಷ್ಟೇ ಒಂದು ರೂಪ ಇಟ್ಟುಕೊಳ್ಳಿ. ಮೂಲ ಹೆಸರಿನ ಕಾಲಂ ಹಾಗೇ ಇರಲಿ, ಪಕ್ಕದಲ್ಲಿ ಹೊಸ ಕಾಲಂ ಮಾಡಿ ಅದರ ಮೇಲೆ ಕತ್ತರಿ ಆಡಿಸಿ. ಈ ಕೈಪಿಡಿಯಲ್ಲಿ ಒಂದೇ ಸೂಚನೆಯನ್ನು ಪಾಲಿಸುವಷ್ಟು ವ್ಯವಧಾನವಿದ್ದರೆ ಇದನ್ನೇ ಪಾಲಿಸಿ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹೆಚ್. ಇದ್ದು ನಿಮ್ಮ ಪಟ್ಟಿಯಲ್ಲಿ ಎಚ್. ಆದ ದಿನ ಆ ರೈತ ಕೌಂಟರಿನಿಂದ ಕೌಂಟರಿಗೆ ಅಲೆಯುತ್ತಾನೆ. ನಿಮ್ಮ ಕಾಗುಣಿತ ಪ್ರೇಮಕ್ಕೆ ಅವನು ಆಟೋ ಚಾರ್ಜು ಕೊಡಬೇಕೆ?

ಮೆನುವಿನಲ್ಲಿ ಉಚ್ಚಾರಣೆ ಆಧರಿಸಿದ ವಿಧಾನಗಳೂ ಇವೆ. ಮೆಟಾಫೋನ್ ಇಂಗ್ಲಿಷ್ ಕಿವಿಯದು, ಕಲೋನ್ ಜರ್ಮನ್ ಕಿವಿಯದು, ಡೇಚ್-ಮೊಕೊಟಾಫ್ ಪೂರ್ವ ಯುರೋಪಿನ ಯಹೂದಿ ಮನೆತನದ ಹೆಸರುಗಳಿಗೆಂದು ಹುಟ್ಟಿದ್ದು. ಮೂರಕ್ಕೂ ನಮಸ್ಕಾರ ಹೇಳಿ ‘ಲೆವೆನ್‌ಸ್ಟೈನ್’ಗೆ ಬನ್ನಿ. 1965ರಲ್ಲಿ ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ ಕೊಟ್ಟ ಅಳತೆ ಇದು: ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ಕಳೆಯಬೇಕು, ಬದಲಿಸಬೇಕು ಎಂಬ ಲೆಕ್ಕ. ‘ಪಾಟೀಲ’ ಮತ್ತು ‘ಪಾಟೀಲ್’ ನಡುವೆ ದೂರ ಒಂದು. ಒಳ್ಳೆಯದು. ‘ರಮೇಶ ಪಾಟೀಲ’ ಮತ್ತು ‘ಉಮೇಶ ಪಾಟೀಲ’ ನಡುವೆಯೂ ದೂರ ಒಂದೇ. ಅವರು ಅಣ್ಣತಮ್ಮಂದಿರು, ಜಮೀನಿನ ವ್ಯಾಜ್ಯದಿಂದಾಗಿ ಅವರಿಬ್ಬರ ನಡುವಿನ ದೂರ ಎಷ್ಟು ಎಂಬುದು ಲೆವೆನ್‌ಸ್ಟೈನ್‌ಗೆ ನಿಲುಕದ ವಿಷಯ. ಹಾಗೆಯೇ ಶೀಲಾ ಮತ್ತು ಲೀಲಾ.

ಪ್ರತಿ ಗುಂಪಿನ ಮುಂದೆ ‘ಮರ್ಜ್’ ಎಂಬ ಚೌಕವಿದೆ. ಕೆಳಗೆ ‘ಸೆಲೆಕ್ಟ್ ಆಲ್’ ಎಂಬ ಗುಂಡಿಯೂ ಇದೆ. ಆ ಗುಂಡಿಯನ್ನು ಯಾಕೆ ಇಟ್ಟರೋ ಗೊತ್ತಿಲ್ಲ. ಅದನ್ನು ಒತ್ತುವುದೆಂದರೆ ಕಲ್ಲು ಆರಿಸದೆ ಅಕ್ಕಿಯನ್ನು ನೇರವಾಗಿ ಕುಕ್ಕರಿಗೆ ಸುರಿದಂತೆ. ಒಂದೊಂದೇ ಗುಂಪು ಓದಿ. ಒಗ್ಗೂಡಿಸಿದ ಮೇಲೆ ಯಾವ ಬರಹ ಉಳಿಯಬೇಕು ಎಂಬುದಕ್ಕೆ ಉಪಕರಣ ಬಹುಮತ ನೋಡುತ್ತದೆ: ಹೆಚ್ಚು ಸಲ ಬಂದದ್ದೇ ಸರಿ ಎಂದು ಸೂಚಿಸುತ್ತದೆ. ಟೈಪಿಸ್ಟ್ ಒಬ್ಬನೇ ಆಗಿದ್ದರೆ ಅವನ ತಪ್ಪಿಗೇ ಬಹುಮತ ಇರುತ್ತದೆ.

ಹಂತ 4: ಬಿನ್, ಕೋಂ, ಲೇಟ್

‘ರಾಮಯ್ಯ ಬಿನ್ ತಿಮ್ಮಯ್ಯ’, ‘ಲಕ್ಷ್ಮಮ್ಮ ಕೋಂ ರಾಮಯ್ಯ’. ಹಳೇ ಮೈಸೂರಿನ ಕಂದಾಯ ದಾಖಲೆಯ ಶೈಲಿ ಇದು. ಉತ್ತರದ ಜಿಲ್ಲೆಗಳ ಪಟ್ಟಿಯಾದರೆ ‘ಬಸಪ್ಪ ತಂದೆ ಕಲ್ಲಪ್ಪ’, ‘ನೀಲಮ್ಮ ಗಂಡ ಶಿವಪ್ಪ’. ಒಂದು ಸೆಲ್ಲಿನಲ್ಲಿ ಇಬ್ಬರು ಮನುಷ್ಯರು, ಒಂದು ಸಂಬಂಧ. ಮೂರು ಕಾಲಂ ಮಾಡಬೇಕು. ‘ಎಡಿಟ್ ಕಾಲಂ’ನಲ್ಲಿ ಹಲವು ಕಾಲಮ್ಮುಗಳಾಗಿ ಒಡೆಯುವ ಆಯ್ಕೆ ಇದೆ, ಯಾವುದರ ಮೇಲೆ ಒಡೆಯಬೇಕು ಎಂದು ಕೇಳುತ್ತದೆ. ‘ಬಿನ್’ ಎಂದು ಬರೆಯುವಾಗ ಅದರ ಎರಡೂ ಬದಿಗೆ ಸ್ಪೇಸ್ ಸೇರಿಸಿ. ಸೇರಿಸದಿದ್ದರೆ ರಾಬಿನ್ ಎಂಬುವರು ‘ರಾ’ ಆಗಿ ಮನೆಗೆ ಹೋಗುತ್ತಾರೆ. ಮೂಲ ಕಾಲಂ ತೆಗೆದುಹಾಕು ಎಂಬ ಚೌಕದಲ್ಲಿ ಮೊದಲೇ ಟಿಕ್ ಇರುತ್ತದೆ, ಅದನ್ನೂ ತೆಗೆಯಿರಿ. ಒಡೆದಮೇಲೆ ಬಿನ್ ಇತ್ತೋ ಕೋಂ ಇತ್ತೋ ಎಂಬುದೇ ಕಳೆದುಹೋಗುತ್ತದೆ. ಆದ್ದರಿಂದ ಸಂಬಂಧದ ಕಾಲಮ್ಮನ್ನು ಮೊದಲೇ ಮಾಡಿಟ್ಟುಕೊಳ್ಳಿ. ಕೋಂ ಅನ್ನು ‘ಕೊಂ’ ಎಂದೂ, ಸೊನ್ನೆ ಹಾಕಿ ‘ಕೋ0’ ಎಂದೂ ಬರೆದವರಿರುತ್ತಾರೆ. ಅವರೆಲ್ಲರ ಗಂಡಂದಿರನ್ನೂ ಹುಡುಕಿಕೊಡಿ.

ಈಗ ಗೌರವಸೂಚಕಗಳು. ಶ್ರೀ, ಶ್ರೀಮತಿ, ‘ನವರು’ ಇವನ್ನು ಹೋಲಿಕೆಯ ಕಾಲಮ್ಮಿನಿಂದ ತೆಗೆಯಬಹುದು, ಯಾರಿಗೂ ನೋವಾಗದು. ಅದೇ ಭರಾಟೆಯಲ್ಲಿ ‘ಲೇಟ್’ ಮತ್ತು ‘ದಿ.’ ತೆಗೆದಿರೋ, ಸತ್ತವರು ಎದ್ದು ಕೂರುತ್ತಾರೆ. ‘ರಾಮಯ್ಯ ಬಿನ್ ಲೇಟ್ ತಿಮ್ಮಯ್ಯ’ ಎಂಬಲ್ಲಿ ಲೇಟ್ ಕಸವಲ್ಲ. ಪೌತಿ ಖಾತೆ ಆಗಿದೆಯೇ, ಹಣ ಯಾರ ಖಾತೆಗೆ ಹೋಗಬೇಕು, ಯಾರಿಗೆ ನೋಟಿಸ್ ಕಳಿಸಬೇಕು ಎಲ್ಲವೂ ಆ ಎರಡಕ್ಷರದಲ್ಲಿದೆ. ಅದಕ್ಕೊಂದು ಪ್ರತ್ಯೇಕ ಕಾಲಂ ಕೊಟ್ಟು ಹೌದು-ಇಲ್ಲ ಎಂದು ಬರೆಯಿರಿ. ತಿಮ್ಮಯ್ಯನವರಿಗೂ ಗೌರವ, ಯೋಜನೆಗೂ ಲಾಭ.

ಹಂತ 5: ಊರು, ಜಿಲ್ಲೆ

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಬೆಂಗಳೂರು, ಮೈಸೂರುಗಳಲ್ಲಿ ಬದಲಾದದ್ದು ಇಂಗ್ಲಿಷ್ ಬರಹ. ಕನ್ನಡ ಕಾಲಮ್ಮಿಗೆ ತಲೆನೋವು ತಂದದ್ದು ಗುಲ್ಬರ್ಗಾ, ಬಿಜಾಪುರ. ಬಿಜಾಪುರವನ್ನೆಲ್ಲ ವಿಜಯಪುರ ಮಾಡುವ ಮುನ್ನ ಜಿಲ್ಲೆಯ ಕಾಲಂ ನೋಡಿ: ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರವಿದೆ. ಆಮೇಲೆ ಇಬ್ಬರನ್ನೂ ಬೇರ್ಪಡಿಸುವುದು ಕಷ್ಟ. ಹೊಸಪೇಟೆ 2021ರ ತನಕ ಬಳ್ಳಾರಿ ಜಿಲ್ಲೆ, ಆಮೇಲೆ ವಿಜಯನಗರ. 1997ಕ್ಕೆ ಮುಂಚಿನ ಕಾಗದದಲ್ಲಿ ಉಡುಪಿಯವರು ದಕ್ಷಿಣ ಕನ್ನಡದವರು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು, ಅದೇ ಹೆಸರಿನ ಲೋಕಸಭಾ ಕ್ಷೇತ್ರ ಎರಡೂ ಮೊದಲೇ ಇದ್ದವು. ಆದ್ದರಿಂದ ದಾಖಲೆಯ ತಾರೀಖು ಇಲ್ಲದ ಜಿಲ್ಲೆಯ ಕಾಲಮ್ಮನ್ನು ನಂಬಬೇಡಿ. ಹೊಸಹಳ್ಳಿ ಎಂದಷ್ಟೇ ಬರೆದಿದ್ದರೆ ಹೋಬಳಿ ಕೇಳಿ. ಹೋಬಳಿಯೂ ಇಲ್ಲದಿದ್ದರೆ ಹಾಗೇ ಬಿಡಿ.

ಪಿನ್‌ಕೋಡಿಗೆ ಆರಂಕಿ, ಮೊಬೈಲಿಗೆ ಹತ್ತಂಕಿ. ಅಂಕಿಯಲ್ಲದ್ದನ್ನೆಲ್ಲ ತೆಗೆದು ಉದ್ದ ಅಳೆಯಿರಿ. ಮುಗಿಯಿತು.

ಹಂತ 6: ಎಕರೆ-ಗುಂಟೆ

ಇದನ್ನು ಊಟ ಮಾಡಿ ಬಂದು ಶುರುಮಾಡಿ. ವಿಸ್ತೀರ್ಣದ ಕಾಲಮ್ಮಿನಲ್ಲಿ ‘2-20’ ಎಂದಿದೆ. ಎರಡು ಎಕರೆ ಇಪ್ಪತ್ತು ಗುಂಟೆ. ಒಂದು ಎಕರೆಗೆ 40 ಗುಂಟೆಯಾದ್ದರಿಂದ ಇದು ಎರಡೂವರೆ ಎಕರೆ. ಇದೇ ಸೆಲ್ಲನ್ನು ಇನ್ನೊಬ್ಬ ಟೈಪಿಸ್ಟ್ ‘2.20’ ಎಂದು ಬರೆದಿದ್ದಾನೆ, ಯಾರೋ ಅದನ್ನು ಸಂಖ್ಯೆ ಮಾಡಿದ್ದಾರೆ, ಕೊನೆಯ ಸೊನ್ನೆ ಬಿದ್ದು ‘2.2’ ಆಗಿದೆ. ಈಗ ಇದು ಎರಡು ಎಕರೆ ಎರಡು ಗುಂಟೆಯೂ ಇರಬಹುದು, ಎರಡು ಎಕರೆ ಇಪ್ಪತ್ತು ಗುಂಟೆಯೂ ಇರಬಹುದು, ನಿಜವಾಗಿ ದಶಮಾಂಶದ 2.2 ಎಕರೆಯೂ ಇರಬಹುದು. 2-20ನ್ನು 2.20 ಎಕರೆ ಎಂದು ಓದಿದರೆ 12 ಗುಂಟೆ ಮಾಯ. ಗುಂಟೆಗೆ 1,089 ಚದರಡಿಯಂತೆ ಹದಿಮೂರು ಸಾವಿರ ಚದರಡಿ. ಮೂವತ್ತು-ನಲವತ್ತರ ಹತ್ತು ಸೈಟು ಬಿದ್ದು ಇನ್ನೂ ಮಿಗುತ್ತದೆ. ಊರಲ್ಲಿ ಒಂದಡಿ ಬದುವಿಗೆ ತಲೆ ಒಡೆದುಕೊಳ್ಳುತ್ತಾರೆ ಎಂಬುದನ್ನು ನೆನೆಸಿಕೊಂಡು ಮುಂದಿನ ಗುಂಡಿ ಒತ್ತಿ.

ಕೂಡುವುದು ಇನ್ನೂ ಅಪಾಯ. 1.30ಕ್ಕೆ 1.30 ಸೇರಿಸಿದರೆ ಕಂಪ್ಯೂಟರ್ 2.60 ಎನ್ನುತ್ತದೆ. ಸರಿಯಾದ ಉತ್ತರ ಮೂರು ಎಕರೆ ಇಪ್ಪತ್ತು ಗುಂಟೆ; ಶಾನುಭೋಗರ ಕಾಲದ ಯಾವ ರೈತನಾದರೂ ಬಾಯಲ್ಲೇ ಹೇಳುತ್ತಿದ್ದ. ಹಾಗಾಗಿ ಎಲ್ಲವನ್ನೂ ಗುಂಟೆಗೆ ಇಳಿಸಿ. ಅಡ್ಡಗೀಟಿನ ಮೇಲೆ ಒಡೆಯಿರಿ, ಮೊದಲ ತುಂಡನ್ನು 40ರಿಂದ ಗುಣಿಸಿ, ಎರಡನೆಯದನ್ನು ಕೂಡಿ. ಉಪಕರಣದ ಭಾಷೆಯಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಮೊದಲ ತುಂಡಿಗೆ ಸೊನ್ನೆ, ಎರಡನೆಯದಕ್ಕೆ ಒಂದು ಎಂದು ಬರೆಯಬೇಕು. ಕಾಲಂ ಒಡೆಯುವಾಗ ಕಾಣುವ ‘ಗೆಸ್ ಸೆಲ್ ಟೈಪ್’ ಎಂಬ ಚೌಕಕ್ಕೆ ಟಿಕ್ ಬೇಡ. ಊಹೆಯಿಂದಲೇ ಇಲ್ಲಿಯ ತನಕ ಬಂದಿದ್ದೇವೆ.

ಚುಕ್ಕಿಯಿರುವ ಸೆಲ್‌ಗಳಲ್ಲಿ ಯಾವುದು ಗುಂಟೆ, ಯಾವುದು ದಶಮಾಂಶ ಎಂದು ತಿಳಿಯುವ ಒಂದು ಉಪಾಯವುಂಟು. ಚುಕ್ಕಿಯ ನಂತರದ ಸಂಖ್ಯೆ 40 ಅಥವಾ ಹೆಚ್ಚಿದ್ದರೆ ಅದು ಗುಂಟೆಯಾಗಲು ಸಾಧ್ಯವೇ ಇಲ್ಲ. 2.75 ಎಂದು ಬರೆದವನು ಕ್ಯಾಲ್ಕುಲೇಟರ್ ಬಳಸಿದ್ದಾನೆ. ಅಂಥವು ಒಂದು ಗ್ರಾಮದ ಸಾಲುಗಳಲ್ಲಿ ಅಲ್ಲಲ್ಲಿ ಸಿಕ್ಕರೆ ಆ ಗ್ರಾಮದ ಎಲ್ಲ ಸಾಲೂ ಅನುಮಾನಾಸ್ಪದ. ಒಂದೂ ಸಿಗದೆ, ಎಲ್ಲವೂ 39ರ ಒಳಗೇ ನಿಂತಿದ್ದರೆ ಬರೆದವರು ಗುಂಟೆಯಲ್ಲೇ ಯೋಚಿಸುತ್ತಿದ್ದರು ಎಂದು ಧೈರ್ಯವಾಗಿ ಹೇಳಬಹುದು. ‘2.2’ರಂಥ ಬೋಳು ಸೆಲ್‌ಗಳಿಗೆ ಮಾತ್ರ ಯಾವ ಉಪಾಯವೂ ಇಲ್ಲ. ಅವಕ್ಕೆ ಬಾವುಟ ಹಾಕಿ. ಸಾಲಿನ ಎಡತುದಿಯಲ್ಲಿ ಪುಟ್ಟ ಬಾವುಟದ ಚಿತ್ರವಿದೆ. ಬೆಳಿಗ್ಗೆ ಮೀಟಿಂಗಿನಲ್ಲಿ ‘ಇಷ್ಟು ಸಾಲು ಗೊತ್ತಿಲ್ಲ’ ಎಂದು ಹೇಳಿ. ಯಾರಿಗೂ ಖುಷಿಯಾಗುವುದಿಲ್ಲ.

ಹಂತ 7: ಒಪ್ಪಿಸುವುದು

ಎಡಗಡೆ ‘ಅಂಡೂ/ರೀಡೂ’ ಎಂಬ ಪಟ್ಟಿಯಲ್ಲಿ ನೀವು ಮಾಡಿದ ಪ್ರತಿ ಕೆಲಸವೂ ಸಾಲಾಗಿ ದಾಖಲಾಗಿದೆ. ಕಂಪ್ಯೂಟರ್ ಆರಿಸಿ ನಾಳೆ ತೆರೆದರೂ ಇರುತ್ತದೆ. ಯಾವ ಹಂತಕ್ಕಾದರೂ ಹಿಂದೆ ಹೋಗಬಹುದು; ಹಿಂದೆ ಹೋಗಿ ಹೊಸದೇನಾದರೂ ಮಾಡಿದರೆ ಮಾತ್ರ ಮುಂದಿನ ಹಂತಗಳು ಅಳಿಸಿಹೋಗುತ್ತವೆ. ‘ಎಕ್ಸ್‌ಟ್ರಾಕ್ಟ್’ ಒತ್ತಿದರೆ ಆ ಕ್ರಮವೆಲ್ಲ ಬರಹವಾಗಿ ಹೊರಬರುತ್ತದೆ. ತೊಳೆದ ಫೈಲಿನ ಜೊತೆ ಅದನ್ನೂ ಕಳಿಸಿ. ‘ಸದರಿ ಎಲ್ಲಿಗೆ ಹೋದ’ ಎಂದು ಆರು ತಿಂಗಳ ಮೇಲೆ ಆಡಿಟ್‌ನವರು ಕೇಳಿದಾಗ ತೋರಿಸಲು ನಿಮ್ಮ ಬಳಿ ಇರುವ ಕಾಗದ ಅದೊಂದೇ. ಒಂದೇ ಸೆಲ್ಲನ್ನು ಕೈಯಲ್ಲಿ ತಿದ್ದಿದ್ದು ಅದರಲ್ಲಿ ಬರುವುದಿಲ್ಲ. ಅಂಥ ತಿದ್ದುಪಡಿಗಳನ್ನು ಡೈರಿಯಲ್ಲಿ ಬರೆದುಕೊಳ್ಳಿ.

ದೋಷ ಮತ್ತು ಪರಿಹಾರ

ದೋಷ: ಮುಂದಿನ ತಿಂಗಳು ಅದೇ ಕಚೇರಿಯಿಂದ ‘ಫೈನಲ್ ಲಿಸ್ಟ್ ನ್ಯೂ 2’ ಎಂಬ ಫೈಲು ಬಂದಿದೆ. ಹಳೆಯ ಸಾಲುಗಳೆಲ್ಲ ತೊಳೆಯುವ ಮುಂಚಿನ ಸ್ಥಿತಿಯಲ್ಲಿವೆ, ಜೊತೆಗೆ ಹೊಸ ಹೋಬಳಿಯೊಂದರ ಸಾಲುಗಳು ಸೇರಿವೆ.

ಪರಿಹಾರ: ಗಾಬರಿ ಬೇಡ. ಎಕ್ಸ್‌ಟ್ರಾಕ್ಟ್ ಮಾಡಿಟ್ಟ ಬರಹವನ್ನು ಹೊಸ ಪ್ರಾಜೆಕ್ಟಿನಲ್ಲಿ ಅಂಟಿಸಿ ‘ಅಪ್ಲೈ’ ಒತ್ತಿ. ಇಡೀ ರಾತ್ರಿಯ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಹೊಸ ಹೋಬಳಿಯ ಹೆಸರುಗಳಿಗೆ ಕ್ಲಸ್ಟರ್ ಮಾತ್ರ ಮತ್ತೆ ನೀವೇ ನೋಡಬೇಕು.

ದೋಷ: ಅಪ್ಲೈ ಒತ್ತಿದೆ. ‘ರೈತರ ಹೆಸರು’ ಎಂಬ ಕಾಲಂ ಸಿಗುತ್ತಿಲ್ಲ ಎನ್ನುತ್ತಿದೆ.

ಪರಿಹಾರ: ಕಾಲಮ್ಮಿನ ತಲೆಬರಹವನ್ನು ಅವರು ‘ಖಾತೆದಾರರ ಹೆಸರು’ ಎಂದು ಬದಲಿಸಿದ್ದಾರೆ. ಹಳೆಯ ಹೆಸರಿಗೆ ರಿನೇಮ್ ಮಾಡಿ ಮತ್ತೆ ಒತ್ತಿ.